ಹಾಡುವ ಮಗುವನ್ನು ಕೇಳುವ ಬಗೆ

ತೊಗರಿ ಕಟಾವಿನ ದಿನಗಳು ಹತ್ತಿರವಾದಂತೆ ನಮ್ಮ ಯಾದಗಿರಿ ಸೀಮೆಯ ಶಾಲೆಗಳಲ್ಲಿಯೂ ಚರ್ಚುಗಳಲ್ಲಿಯೂ ಮಕ್ಕಳ ಹಾಡಿನ ತಾಲೀಮು ಆರಂಭವಾಗುತ್ತದೆ. ಮುದನಾಳವಿರಲಿ, ಶಹಾಪುರವಿರಲಿ, ಸುರಪುರವಿರಲಿ, ದೃಶ್ಯ ಒಂದೇ. ಹಲಗೆ ಜೋಡಿಸಿ ಕಟ್ಟಿದ ವೇದಿಕೆ, ಅದರ ಮೇಲೆ ಹೊಸ ಅಂಗಿ ತೊಟ್ಟ ಮಗು, ಬದಿಯಲ್ಲಿ ಹಾರ್ಮೋನಿಯಂ ಹಿಡಿದ ಮೇಷ್ಟ್ರು. ಮಗು ಎರಡನೆಯ ನುಡಿಗೆ ಬರುವಷ್ಟರಲ್ಲಿ ಪದ ಮರೆಯುತ್ತದೆ. ಕೆಳಗೆ ಚಾಪೆಯ ಮೇಲೆ ಕುಳಿತ ತಾಯಿಯ ತುಟಿಗಳು ತಾವಾಗಿಯೇ ಅಲುಗುತ್ತವೆ. ಮಗು ಆ ತುಟಿಗಳನ್ನು ನೋಡಿ ಹಾಡನ್ನು ಮುಂದುವರಿಸುತ್ತದೆ. ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಎಲ್ಲ ಸೇರಿ ಮೂರು ನಿಮಿಷ.

ಈ ಮೂರು ನಿಮಿಷಗಳಲ್ಲಿ ನಾವು ಹಾಡನ್ನು ಕೇಳುತ್ತಿರುತ್ತೇವೆಯೋ ಮಗುವನ್ನು ನೋಡುತ್ತಿರುತ್ತೇವೆಯೋ? ಪ್ರಶ್ನೆ ಸಣ್ಣದಾಗಿ ಕಂಡೀತು. ಆದರೆ ಮಕ್ಕಳ ಸಂಗೀತ ಶಾಲೆಗಳ ಚರಿತ್ರೆಯನ್ನು ತಿರುವಿ ನೋಡಿದರೆ ಅದರ ಉದ್ದಕ್ಕೂ ಇದೇ ಪ್ರಶ್ನೆ ಎದುರಾಗುತ್ತದೆ. ಅಂತಹ ಶಾಲೆಗಳಲ್ಲಿ ಅನೇಕವು ಹುಟ್ಟಿದ್ದು ಸಿರಿವಂತರ ಮನೆಗಳಲ್ಲಿ ಅಲ್ಲ, ತಬ್ಬಲಿ ಮಕ್ಕಳ ಆಶ್ರಯಧಾಮಗಳಲ್ಲಿ. ಅಲ್ಲಿಯ ಮಕ್ಕಳು ಜನರ ಮುಂದೆ ನಿಂತು ಹಾಡಿದ್ದು ಬರಿಯ ವಿನೋದಕ್ಕಾಗಿ ಅಲ್ಲ, ಅನ್ನಕ್ಕಾಗಿ. ಆ ಚರಿತ್ರೆಯ ಒಂದು ಉಜ್ವಲ ಅಧ್ಯಾಯ ನಮ್ಮದೇ ನಾಡಿನಲ್ಲಿ, ಭೀಮೆ ಕೃಷ್ಣೆಗಳನ್ನು ದಾಟಿ ಹೋದರೆ ಸಿಗುವ ಗದುಗಿನಲ್ಲಿ ನಡೆದಿದೆ. ಅಲ್ಲಿಗೆ ಹೋಗುವ ಮುನ್ನ ಹಳೆಯ ಯುರೋಪಿನ ಎರಡು ಮೂರು ಬಾಗಿಲುಗಳನ್ನು ತಟ್ಟಿ ಬರೋಣ.

ಜಾಲರಿಯ ಹಿಂದಿನ ಕಂಠಗಳು

ಇಂದು ಜಗತ್ತಿನ ದೊಡ್ಡ ನಗರಗಳಲ್ಲಿ ಸಂಗೀತದ ಮಹಾವಿದ್ಯಾಲಯವನ್ನು ‘ಕನ್ಸರ್ವೇಟರಿ’ ಎಂದು ಕರೆಯುತ್ತಾರೆ. ಇಟಲಿಯ ಭಾಷೆಯಲ್ಲಿ ಈ ಪದಕ್ಕೆ ಮೊದಲಿದ್ದ ಅರ್ಥ ಕಾಪಾಡುವ ಸ್ಥಳ ಎಂದು. ಕಾಪಾಡಬೇಕಾಗಿದ್ದುದು ಸಂಗೀತವನ್ನಲ್ಲ, ಅನಾಥ ಮಕ್ಕಳನ್ನು. ನೇಪಲ್ಸ್ ನಗರದಲ್ಲಿ 1537ರಲ್ಲಿ ಆರಂಭವಾದ ಸಾಂತ ಮರಿಯ ದಿ ಲೊರೆತೊ ಎಂಬ ಧಾಮವೂ ಅದರ ನಂತರ ಆ ಶತಮಾನದಲ್ಲಿಯೇ ತೆರೆದ ಇನ್ನೂ ಮೂರು ಧಾಮಗಳೂ ಬೀದಿಯ ಬಾಲಕರಿಗೆ ಊಟ, ಹಾಸಿಗೆ, ಕಸುಬು ಕೊಡಲು ಹುಟ್ಟಿದವು. ಕಸುಬುಗಳಲ್ಲಿ ಸಂಗೀತವೂ ಒಂದಾಗಿತ್ತು. ಕ್ರಮೇಣ ಅದೇ ಮುಖ್ಯವಾಯಿತು. ಹಬ್ಬದ ಮೆರವಣಿಗೆಗಳಲ್ಲಿ, ಶವಸಂಸ್ಕಾರಗಳಲ್ಲಿ ಹಾಡಲು ಈ ಬಾಲಕರನ್ನು ಕರೆಸಿಕೊಳ್ಳುತ್ತಿದ್ದರು. ಅದಕ್ಕಾಗಿ ಸಿಕ್ಕ ಹಣ ಧಾಮದ ಅಡುಗೆಮನೆಗೆ ಸಲ್ಲುತ್ತಿತ್ತು.

ವೆನಿಸ್ ನಗರದಲ್ಲಿ ಇದೇ ಕೆಲಸ ಹೆಣ್ಣುಮಕ್ಕಳ ನಡುವೆ ನಡೆಯಿತು. 1346ರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಯೊಬ್ಬರು ಆರಂಭಿಸಿದ ಪಿಯೆತಾ ಎಂಬ ಧಾಮದ ಗೋಡೆಯಲ್ಲಿ ಒಂದು ಗೂಡಿತ್ತು. ಸಾಕಲಾರದ ತಾಯಂದಿರು ಕೂಸನ್ನು ಅದರಲ್ಲಿ ಇಟ್ಟು ಹೋಗುತ್ತಿದ್ದರು. ಹೀಗೆ ಬಂದ ಹೆಣ್ಣುಮಕ್ಕಳಲ್ಲಿ ಕಂಠವೋ ಕೈಚಳಕವೋ ಇದ್ದವರಿಗೆ ಸಂಗೀತ ಕಲಿಸುತ್ತಿದ್ದರು. 1703ರಲ್ಲಿ ಗುರುದೀಕ್ಷೆ ಪಡೆದ ಆಂತೋನಿಯೊ ವಿವಾಲ್ದಿ ಅದೇ ವರ್ಷ ಇಲ್ಲಿ ಪಿಟೀಲಿನ ಶಿಕ್ಷಕರಾಗಿ ಸೇರಿದರು. ಇಂದಿಗೂ ಲೋಕವೆಲ್ಲ ಕೇಳುವ ಅವರ ಅನೇಕ ಕೃತಿಗಳು ಈ ತಬ್ಬಲಿ ಹುಡುಗಿಯರಿಗಾಗಿ ರಚನೆಯಾದವು. ಇವರಿಗೆ ಮನೆತನದ ಹೆಸರಿರಲಿಲ್ಲವಾದ್ದರಿಂದ ನುಡಿಸುವ ವಾದ್ಯವೇ ಹೆಸರಾಯಿತು. ಅವರಲ್ಲಿ ಅತ್ಯಂತ ಹೆಸರು ಮಾಡಿದಾಕೆ ‘ಪಿಟೀಲಿನ ಅನ್ನ ಮರಿಯ’.

ಪಿಯೆತಾ ಮತ್ತು ಅದರಂತಹ ಬೇರೆ ಮೂರು ಧಾಮಗಳ ಈ ಗಾಯಕಿಯರು ಜನರ ಕಣ್ಣಿಗೆ ಬೀಳುವಂತಿರಲಿಲ್ಲ. ದೇವಾಲಯದ ಮೇಲಂಕಣದಲ್ಲಿ ಲೋಹದ ಜಾಲರಿಯ ಹಿಂದೆ ನಿಂತು ಅವರು ಹಾಡುತ್ತಿದ್ದರು. ದೂರದೇಶಗಳಿಂದ ಬಂದ ಪ್ರಭುಗಳೂ ಪಂಡಿತರೂ ಕೆಳಗೆ ಕುಳಿತು ಕೇಳುತ್ತಿದ್ದರು. 1740ರ ದಶಕದಲ್ಲಿ ವೆನಿಸಿನಲ್ಲಿದ್ದ ಫ್ರೆಂಚ್ ಚಿಂತಕ ರೂಸೋ ತನ್ನ ಆತ್ಮಕಥೆಯಲ್ಲಿ ಅಂಥದೊಂದು ಧಾಮದ ಪ್ರಸಂಗವನ್ನು ಹೇಳಿಕೊಂಡಿದ್ದಾನೆ. ಇಷ್ಟು ಮಧುರವಾಗಿ ಹಾಡುವವರು ರೂಪವತಿಯರೇ ಇರಬೇಕೆಂದು ಅವನು ಕಲ್ಪಿಸಿಕೊಂಡಿದ್ದ. ಪರಿಚಯಸ್ಥರೊಬ್ಬರ ನೆರವಿನಿಂದ ಅವರನ್ನು ಕಾಣುವ ಅವಕಾಶ ಸಿಕ್ಕಿತು. ಕಂಡದ್ದೇನು? ಒಬ್ಬಳಿಗೆ ಒಂದೇ ಕಣ್ಣು. ಇನ್ನೊಬ್ಬಳ ಮುಖದ ತುಂಬ ಸಿಡುಬಿನ ಕಲೆ. ಅವನು ಎದೆಗುಂದಿದ. ಆದರೆ ಅವರೊಡನೆ ಕುಳಿತು ಮಾತಾಡಿದ ಮೇಲೆ, ಮತ್ತೆ ಅವರ ಹಾಡನ್ನು ಕೇಳಿದ ಮೇಲೆ, ಅವರು ಸುಂದರಿಯರೆಂದೇ ಅವನಿಗೆ ತೋರಿತಂತೆ.

ಜಾಲರಿ ಆ ಹುಡುಗಿಯರನ್ನು ಬಂಧಿಸಿತ್ತು, ನಿಜ. ಹೊರಗೆ ಮದುವೆಯಾಗಿ ಹೋದವರಿಗೆ ಮುಂದೆ ಸಾರ್ವಜನಿಕವಾಗಿ ಹಾಡುವ ದಾರಿ ಮುಚ್ಚಿರುತ್ತಿತ್ತು. ನೇಪಲ್ಸಿನ ಬಾಲಕರ ಕಥೆಯಲ್ಲಂತೂ ಇನ್ನೂ ಕ್ರೂರವಾದ ಪುಟಗಳಿವೆ. ಎಳೆಯ ಕಂಠ ಒಡೆಯದಿರಲಿ ಎಂದು ಕೆಲವು ಬಾಲಕರ ದೇಹವನ್ನೇ ಊನಗೊಳಿಸಿದ ಕಾಲವದು, ಆ ಕಂಠಗಳನ್ನು ದೇವಾಲಯಗಳೇ ಬಳಸಿಕೊಂಡವು. ಇದನ್ನು ಮರೆಮಾಚಿ ಹೇಳುವ ಚರಿತ್ರೆ ಚರಿತ್ರೆಯಾಗದು. ಮಗುವನ್ನು ಸಾಕಿದ ಕೈಯೇ ಮಗುವಿನ ಕಂಠವನ್ನು ತನ್ನ ಸ್ವತ್ತೆಂದು ಭಾವಿಸುವ ಅಪಾಯ ಅಂದೇ ಇತ್ತು.

ಜಾತ್ರೆಯ ಅಪಹಾಸ್ಯ, ಅರಮನೆಯ ಹಬ್ಬ

1771ರಲ್ಲಿ ಪ್ಯಾರಿಸ್ ನಗರದ ಒಂದು ಜಾತ್ರೆ. ಅಲ್ಲೊಂದು ಉಪಾಹಾರ ಗೃಹದ ಮುಂದೆ ಕೆಲವು ಅಂಧರನ್ನು ಕೂರಿಸಿ, ತಲೆಗೆ ವಿಚಿತ್ರ ಟೊಪ್ಪಿಗೆ ತೊಡಿಸಿ, ಕಾಣದ ಕಣ್ಣುಗಳಿಗೆ ದೊಡ್ಡ ಕನ್ನಡಕ ಹಾಕಿ, ಕೈಗೆ ವಾದ್ಯ ಕೊಟ್ಟು, ಮುಂದೆ ಸ್ವರಲಿಪಿಯ ಹಾಳೆಗಳನ್ನು ಹರಡಿದ್ದರು. ಅವರು ಅಪಸ್ವರದಲ್ಲಿ ನುಡಿಸಿದಷ್ಟೂ ಜನ ನಗುತ್ತಿದ್ದರು, ಅಂಗಡಿಯವನ ವ್ಯಾಪಾರ ಬೆಳೆಯುತ್ತಿತ್ತು. ಆ ಗುಂಪಿನಲ್ಲಿ ನಗದೆ ನಿಂತಿದ್ದವನು ವಲೆಂತಿನ್ ಹಾಯಿ ಎಂಬ ತರುಣ. ಈ ಅಣಕವನ್ನು ಒಂದು ದಿನ ನಿಜವನ್ನಾಗಿ ಮಾಡುತ್ತೇನೆ, ಅಂಧರಿಗೆ ನಿಜಕ್ಕೂ ಓದು ಕಲಿಸಿ ನಿಜಕ್ಕೂ ಸ್ವರಮೇಳ ನುಡಿಸುವಂತೆ ಮಾಡುತ್ತೇನೆ ಎಂಬ ಸಂಕಲ್ಪ ಅವನಲ್ಲಿ ಮೂಡಿತು.

1784ರಲ್ಲಿ ಚರ್ಚಿನ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಫ್ರಾನ್ಸ್ವಾ ಲೆಸ್ಯೂರ್ ಎಂಬ ಅಂಧ ಹುಡುಗ ಹಾಯಿಯ ಮೊದಲ ಶಿಷ್ಯನಾದ. ಹುಡುಗನ ಭಿಕ್ಷೆಯ ಆದಾಯ ತಪ್ಪುವುದರಿಂದ ಅದಕ್ಕೆ ಬದಲಾಗಿ ಹಣವನ್ನು ಹಾಯಿಯೇ ಕೊಡಬೇಕಾಯಿತಂತೆ. ಮರುವರ್ಷ ಶಾಲೆ ತೆರೆಯಿತು. ಉಬ್ಬಿದ ಅಕ್ಷರಗಳನ್ನು ಬೆರಳಿನಿಂದ ಸವರಿ ಓದುವ ವಿದ್ಯೆ ಅಲ್ಲಿ ಬೆಳೆಯಿತು. 1786ರ ಕ್ರಿಸ್ಮಸ್ ಮರುದಿನ, ಡಿಸೆಂಬರ್ 26ರಂದು, ಈ ಮಕ್ಕಳು ವರ್ಸಾಯ್ ಅರಮನೆಯಲ್ಲಿ ದೊರೆ ಹದಿನಾರನೆಯ ಲೂಯಿಯ ಮುಂದೆ ಓದಿ, ಲೆಕ್ಕ ಮಾಡಿ, ಸಂಗೀತ ನುಡಿಸಿ ತೋರಿಸಿದರು. ಜಾತ್ರೆಯ ಅಪಹಾಸ್ಯಕ್ಕೆ ಹದಿನೈದು ವರ್ಷಗಳ ನಂತರ ದೊರೆತ ಉತ್ತರವದು.

ಅದೇ ಶಾಲೆಗೆ 1819ರಲ್ಲಿ ಹತ್ತು ವರ್ಷದ ಲೂಯಿ ಬ್ರೈಲ್ ಬಂದು ಸೇರಿದ. ಆರು ಚುಕ್ಕೆಗಳ ಲಿಪಿಯನ್ನು ಹದಿಹರೆಯದಲ್ಲಿಯೇ ರೂಪಿಸಿ, 1829ರಲ್ಲಿ ಪುಸ್ತಕವಾಗಿ ಹೊರತಂದ. ಆ ಪುಸ್ತಕದ ಶೀರ್ಷಿಕೆಯಲ್ಲಿಯೇ ಪದಗಳ ಜೊತೆಗೆ ಸಂಗೀತ ಮತ್ತು ದೇವಾಲಯದ ಗಾನ ಎಂಬ ಮಾತುಗಳೂ ಇವೆ ಎಂಬುದು ಅನೇಕರಿಗೆ ತಿಳಿಯದು. ಬ್ರೈಲ್ ಸ್ವತಃ ಪ್ಯಾರಿಸಿನ ದೇವಾಲಯವೊಂದರಲ್ಲಿ ಆರ್ಗನ್ ವಾದಕನಾಗಿದ್ದ. ಅಂದರೆ ಇಂದು ಅಂಧರ ಕೈಯಲ್ಲಿರುವ ಲಿಪಿ ಒಂದು ಮಕ್ಕಳ ಶಾಲೆಯಲ್ಲಿ, ಅಕ್ಷರಕ್ಕೂ ಸ್ವರಕ್ಕೂ ಒಟ್ಟಿಗೆ ಹುಟ್ಟಿತು.

ಸಾಗರದಾಚೆಯ ಅಮೆರಿಕದಲ್ಲಿ 1840ರ ದಶಕದಲ್ಲಿ ನ್ಯೂಯಾರ್ಕಿನ ಅಂಧರ ಶಾಲೆಯ ವಿದ್ಯಾರ್ಥಿಗಳು ರಾಜಧಾನಿಗೆ ಹೋಗಿ ಸಂಸತ್ ಸದಸ್ಯರ ಮುಂದೆ ಹಾಡಿದರು, ಕವಿತೆ ವಾಚಿಸಿದರು. ಅಂಧ ಮಕ್ಕಳಿಗೂ ವಿದ್ಯೆ ಸಲ್ಲಬೇಕೆಂದು ಕೇಳುವುದೇ ಅದರ ಉದ್ದೇಶ. ಆ ತಂಡದಲ್ಲಿ ಕವಿತೆ ವಾಚಿಸಿದ ಯುವತಿ ಫ್ಯಾನಿ ಕ್ರಾಸ್ಬಿ. ಮುಂದೆ ಆಕೆ ರಚಿಸಿದ ಸಾವಿರಾರು ಕೀರ್ತನೆಗಳು ಜಗತ್ತಿನ ಅನೇಕ ಸಭೆಗಳನ್ನು ತಲುಪಿದವು. ನಮ್ಮ ಅಜ್ಜಿಯರು ಕಣ್ಣು ಮುಚ್ಚಿ ಹಾಡುತ್ತಿದ್ದ ಹಾಡುಗಳಲ್ಲಿ ಕೆಲವು ಕಣ್ಣಿಲ್ಲದ ಈ ತಾಯಿಯ ರಚನೆಗಳೇ.

ನಮ್ಮ ಸೀಮೆಯ ಹಾಡು

ಈಗ ನಮ್ಮ ಕಡೆಗೆ ಬರೋಣ. ಭೀಮೆ ಕೃಷ್ಣೆಗಳ ನಡುವಿನ ಈ ನೆಲ ಹಾಡಿಗೆ ಬಡವಾಗಿರಲಿಲ್ಲ. ಕಡಕೋಳದ ಮಡಿವಾಳಪ್ಪನವರು, ತಿಂಥಣಿಯ ಮೋನಪ್ಪಯ್ಯನವರು ಬಿಟ್ಟು ಹೋದ ಪರಂಪರೆಯಲ್ಲಿ ತತ್ವಪದಗಳು ಏಕತಾರಿ ಮತ್ತು ದಮ್ಮಡಿಗಳ ಜೊತೆಯಲ್ಲಿ ರಾತ್ರಿಯಿಡೀ ನಡೆಯುತ್ತಿದ್ದವು. ಮೊಹರಮ್ಮಿನ ಅಲಾಯಿ ಪದಗಳಿಗೆ ಎಲ್ಲ ಜಾತಿಯವರೂ ಹೆಜ್ಜೆ ಹಾಕುತ್ತಿದ್ದರು. ಸುರಪುರದಲ್ಲಿ ಬಾಲರಾಜ ವೆಂಕಟಪ್ಪ ನಾಯಕರ ಪರವಾಗಿ ಆಡಳಿತ ನೋಡಿಕೊಂಡ ಕರ್ನಲ್ ಮೆಡೋಸ್ ಟೇಲರ್ ಮುಂದೆ ರಾಯಲ್ ಐರಿಷ್ ಅಕಾಡೆಮಿಗಾಗಿ ಭಾರತೀಯ ವಾದ್ಯಗಳ ಸಂಗ್ರಹವೊಂದಕ್ಕೆ ವಿವರಣೆ ಬರೆದರು. ಆದರೆ ಈ ವಾದ್ಯವಿದ್ಯೆ ಮನೆತನಗಳ ಸ್ವತ್ತಾಗಿತ್ತು. ಸನಾದಿ ಊದುವವನ ಮಗ ಸನಾದಿ ಊದುತ್ತಿದ್ದ. ಯಾರ ಮಗನೂ ಅಲ್ಲದ ಮಗುವಿಗೆ ವಿದ್ಯೆ ಕೊಡುವವರಾರು?

ಹಾಡುವ ಮಗುವಿಗೆ ಶಾಲೆ ಬೇಕೆಂಬ ವಿಚಾರ ಉತ್ತರ ಕರ್ನಾಟಕದ ಅಂಚಿನಲ್ಲಿರುವ ಮಿರಜದ ದಾರಿಯಿಂದ ಬಂತು. ಅಲ್ಲಿ ಬಾಳಕೃಷ್ಣಬುವಾ ಇಚಲಕರಂಜೀಕರರು ಗ್ವಾಲಿಯರ್ ಪರಂಪರೆಯ ಗಾಯನ ಕಲಿಸುತ್ತಿದ್ದರು. ಅವರ ಶಿಷ್ಯರಲ್ಲಿ ಒಬ್ಬರು ವಿಷ್ಣು ದಿಗಂಬರ ಪಲುಸ್ಕರ. ಬಾಲ್ಯದಲ್ಲಿ ಪಟಾಕಿ ಸಿಡಿದು ದೃಷ್ಟಿ ಮಂದವಾದ್ದರಿಂದ ಶಾಲೆಯ ಓದು ಬಿಟ್ಟು ಸಂಗೀತಕ್ಕೆ ಬಂದವರು. 1901ರ ಮೇ 5ರಂದು ಲಾಹೋರಿನಲ್ಲಿ ಅವರು ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ರಾಜಾಶ್ರಯವನ್ನು ನೆಚ್ಚದೆ ಜನರ ನೆರವಿನಿಂದ ಸಂಗೀತ ಶಾಲೆ ನಡೆಸಬಹುದೆಂದು ತೋರಿಸಿದರು. 1913ರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯವನ್ನು ಆರಂಭಿಸಿ, ಶಿಷ್ಯರನ್ನು ಮನೆಮಕ್ಕಳಂತೆ ಇಟ್ಟುಕೊಂಡು, ಅವರನ್ನು ಜಲಸಾಗಳಲ್ಲಿ ಹಾಡಿಸುತ್ತಿದ್ದರು. ಮಿರಜದ ಗುರುವಿನ ಇನ್ನೊಬ್ಬ ಶಿಷ್ಯರಾದ ನೀಲಕಂಠಬುವಾ ಅವರ ಬಳಿಗೆ ಧಾರವಾಡ ಕಡೆಯ ಇಬ್ಬರು ಬಂದರು. ಒಬ್ಬರು ಮಲ್ಲಿಕಾರ್ಜುನ ಮನ್ಸೂರ. ಇನ್ನೊಬ್ಬರ ಕಥೆಯೇ ಈ ಲೇಖನದ ಹೃದಯ.

ನಡೆದಾಡಿದ ಪಾಠಶಾಲೆ

1892ರ ಫೆಬ್ರವರಿ 2ರಂದು ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಬಡ ಜಂಗಮ ದಂಪತಿಗಳಿಗೆ ಗದಿಗೆಯ್ಯ ಎಂಬ ಮಗ ಹುಟ್ಟಿದ. ಹುಟ್ಟು ಕುರುಡು. ಅಣ್ಣ ಗುರುಬಸಯ್ಯನೂ ಹುಟ್ಟು ಕುರುಡನೇ. ಒಂದೇ ಮನೆಯಲ್ಲಿ ಕಣ್ಣಿಲ್ಲದ ಇಬ್ಬರು ಮಕ್ಕಳು ಎಂದರೆ ಆ ಕಾಲದ ಹಳ್ಳಿಯಲ್ಲಿ ಏನಾಗಬಹುದಿತ್ತೆಂದು ಊಹಿಸುವುದು ಕಷ್ಟವಲ್ಲ. ಆದರೆ ಆ ಮಕ್ಕಳ ಕಂಠ ಹಾನಗಲ್ಲ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ದೂರದರ್ಶಿಗಳು ಅವರು. ಅವರು ಈ ಹುಡುಗರಿಗೆ ಕನಿಕರದ ನಾಲ್ಕು ಕಾಸು ಕೊಟ್ಟು ಕಳುಹಿಸಲಿಲ್ಲ, ಸಂಗೀತ ಕಲಿಯುವ ವ್ಯವಸ್ಥೆ ಮಾಡಿದರು. ಗದಿಗೆಯ್ಯ ಕರ್ನಾಟಕ ಸಂಗೀತವನ್ನೂ ಹಿಂದುಸ್ತಾನಿ ಸಂಗೀತವನ್ನೂ ಕಲಿತು, ಪಂಚಾಕ್ಷರಿ ಗವಾಯಿಗಳೆಂದು ಹೆಸರಾದರು.

ಗುರು ಕೊಟ್ಟ ವಿದ್ಯೆಯನ್ನು ತನ್ನಂತಹ ಅಂಧರಿಗೆ, ಅನಾಥರಿಗೆ ಹಂಚುವುದು ಪಂಚಾಕ್ಷರಿ ಗವಾಯಿಗಳ ಬಾಳಿನ ವ್ರತವಾಯಿತು. ಆದರೆ ಕಟ್ಟಡವಿಲ್ಲ, ಹೊಲವಿಲ್ಲ, ವರಮಾನವಿಲ್ಲ. ಆದ್ದರಿಂದ ಶಾಲೆಯೇ ನಡೆಯಲು ಕಲಿಯಿತು. ಗುರುಗಳು ಮಕ್ಕಳನ್ನು ಕಟ್ಟಿಕೊಂಡು ಊರಿಂದ ಊರಿಗೆ ಹೊರಟರು. ಒಂದೂರಿನ ಮಠದಲ್ಲಿ ಕೆಲವು ದಿನ, ಇನ್ನೊಂದೂರಿನ ಗುಡಿಯಲ್ಲಿ ಕೆಲವು ದಿನ. ನೆಲೆ ಸಿಕ್ಕಲ್ಲಿ ಪಾಠ, ಭಕ್ತರು ಕೊಟ್ಟ ಜೋಳ ಬೇಳೆಯಲ್ಲಿ ಊಟ, ಊರವರ ಮುಂದೆ ಗಾಯನ. ಅದನ್ನು ಜನ ಸಂಚಾರಿ ಸಂಗೀತ ಪಾಠಶಾಲೆ ಎಂದೇ ಕರೆದರು. ಗುರುವಿಗೂ ಕಣ್ಣಿಲ್ಲ, ಅನೇಕ ಶಿಷ್ಯರಿಗೂ ಕಣ್ಣಿಲ್ಲ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಗಿದ ಆ ಸಾಲನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು.

ಇಲ್ಲಿಯೂ ಮಕ್ಕಳು ಹಾಡಿದ್ದು ಅನ್ನಕ್ಕಾಗಿಯೇ ಅಲ್ಲವೇ, ನೇಪಲ್ಸಿನ ಬಾಲಕರಿಗೂ ಇವರಿಗೂ ಏನು ಭೇದ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಸಂಚಾರಿ ಶಾಲೆಯೂ ಮುಂದೆ ಹುಟ್ಟಿದ ಆಶ್ರಮವೂ ಜನರ ಕೊಡುಗೆಯಿಂದಲೇ ಬದುಕಿದವು. ಮಕ್ಕಳ ಗಾಯನ ಕೇಳಿಯೇ ಜನರ ಕೈ ಬಿಚ್ಚಿತು. ಆದರೆ ಒಂದು ಮಾತನ್ನು ಗಮನಿಸಬೇಕು. ನೇಪಲ್ಸಿನಲ್ಲಿ ಹಾಡಿಸಿದವರು ಬೇರೆ, ಹಾಡಿದವರು ಬೇರೆ. ಇಲ್ಲಿ ಹಾಡಿಸಿದವರೂ ಅದೇ ಕತ್ತಲೆಯಲ್ಲಿ ನಡೆದವರು, ಅದೇ ಜೋಳಿಗೆಯ ಅನ್ನ ಉಂಡವರು. ಮಗುವಿನ ಕುರುಡುತನವನ್ನು ತೋರಿಸಿ ಕನಿಕರ ಕೇಳುವ ಅಗತ್ಯ ಗುರುವಿಗೆ ಇರಲಿಲ್ಲ. ಮಗುವಿನ ವಿದ್ಯೆಯನ್ನು ತೋರಿಸುವುದಷ್ಟೇ ಬೇಕಾಗಿತ್ತು. ಅದಕ್ಕಾಗಿಯೇ ನಮ್ಮ ನಾಡಿನಲ್ಲಿ ಇಂತಹ ಗಾಯನಕ್ಕೆ ‘ಸಂಗೀತ ಸೇವೆ’ ಎಂಬ ಹೆಸರು. ಪ್ರದರ್ಶನದಲ್ಲಿ ನೋಡುವವನು ದೊಡ್ಡವನು. ಸೇವೆಯಲ್ಲಿ ಹಾಡುವವನೂ ಕೇಳುವವನೂ ಒಂದೇ ಸಾಲಿನಲ್ಲಿ ಕುಳಿತಿರುತ್ತಾರೆ.

ಹಂಪಿಯ ವೇದಿಕೆಯಲ್ಲಿ

ಈ ಮಾತಿಗೆ ಒಂದು ನಿದರ್ಶನವಿದೆ. ಧಾರವಾಡ ಜಿಲ್ಲೆಯ ಯಲಿವಾಳದ ಬಸವರಾಜ ರಾಜಗುರು ಎಂಬ ಹುಡುಗ ಹದಿಮೂರರ ಆಸುಪಾಸಿನ ವಯಸ್ಸಿನಲ್ಲಿ ಪಂಚಾಕ್ಷರಿ ಗವಾಯಿಗಳ ಶಿಷ್ಯನಾದ. ಕಣ್ಣಿದ್ದವನು. ಗುರುವಿನೊಡನೆ ಊರೂರು ತಿರುಗುತ್ತ ಕಲಿತ. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ ಹಂಪಿಯಲ್ಲಿ ನಡೆಯಿತು. ನಾಡಿನ ಗಣ್ಯರೆಲ್ಲ ಸೇರಿದ್ದ ಆ ಸಮಾರಂಭದಲ್ಲಿ ಹದಿಹರೆಯದ ಬಸವರಾಜ ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಲು ಕುಳಿತ. ಬಾಗೇಶ್ರೀ ರಾಗ, ನಿಜಗುಣ ಶಿವಯೋಗಿಗಳ ರಚನೆ. ಸಭೆ ತಲೆದೂಗಿತು.

ಆ ದಿನ ತಬಲಾ ನುಡಿಸಿದವರು ಯಾರು? ಗುರು ಪಂಚಾಕ್ಷರಿ ಗವಾಯಿಗಳೇ. ಎರಡು ಪದ್ಧತಿಗಳಲ್ಲಿ ಪಾರಂಗತರಾದ ಗಾಯಕರು, ಅಷ್ಟರಲ್ಲಾಗಲೇ ನಾಡಿಗೆಲ್ಲ ಹೆಸರಾದವರು, ತಾವು ಹಾಡುವ ಬದಲು ಶಿಷ್ಯನ ಪಕ್ಕದಲ್ಲಿ ಕುಳಿತು ಅವನ ಹಾಡಿಗೆ ತಾಳ ಹಿಡಿದರು. ಕಛೇರಿಯಲ್ಲಿ ತಬಲೆಯವನು ಗಾಯಕನನ್ನು ಅನುಸರಿಸಬೇಕು. ಅವನ ಲಯ ತಪ್ಪಿದರೆ ಕೂಡಲೇ ಹಿಡಿದು ನಿಲ್ಲಿಸಬೇಕು. ಅವನು ಹಾರಿದರೆ ಇಳಿಯಲು ಸಮದ ನೆಲ ಸಿದ್ಧವಾಗಿಡಬೇಕು. ಮಗನ ಮೊದಲ ಹೆಜ್ಜೆಗೆ ತಂದೆ ಕೈ ಚಾಚಿ ಕುಳಿತಂತೆ ಅದು. ಆ ಸಭೆಯಲ್ಲಿ ಸಾವಿರಾರು ಕಣ್ಣುಗಳು ಹುಡುಗನನ್ನು ನೋಡುತ್ತಿದ್ದವು. ಅವನನ್ನು ಒಮ್ಮೆಯೂ ನೋಡದ ಒಬ್ಬರು ಎಲ್ಲರಿಗಿಂತ ಹೆಚ್ಚು ಗಮನವಿಟ್ಟು ಅವನನ್ನು ಕೇಳುತ್ತಿದ್ದರು.

ಬಸವರಾಜ ರಾಜಗುರು ಮುಂದೆ ದೇಶದ ಅಗ್ರಗಣ್ಯ ಗಾಯಕರಲ್ಲಿ ಒಬ್ಬರಾದರು. 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ಅವರಿಗೆ ಸಂದವು.

ಗದುಗಿನ ಪುಣ್ಯಾಶ್ರಮ

1940ರ ದಶಕದ ಆರಂಭದ ಹೊತ್ತಿಗೆ ನಡೆದು ದಣಿದ ಶಾಲೆಗೆ ಗದುಗಿನಲ್ಲಿ ನೆಲೆ ಸಿಕ್ಕಿತು. ಅದೇ ವೀರೇಶ್ವರ ಪುಣ್ಯಾಶ್ರಮ. ಆದರೆ ಪಂಚಾಕ್ಷರಿ ಗವಾಯಿಗಳು ಅಲ್ಲಿ ಬಹುಕಾಲ ಉಳಿಯಲಿಲ್ಲ, 1944ರಲ್ಲಿ ತೀರಿಕೊಂಡರು. ಆ ಬಳಿಕ ಭಾರವೆಲ್ಲ ಬಿದ್ದದ್ದು ಶಿಷ್ಯ ಪುಟ್ಟರಾಜರ ಹೆಗಲ ಮೇಲೆ.

1914ರ ಮಾರ್ಚ್ 3ರಂದು ಹಾನಗಲ್ ಸೀಮೆಯ ದೇವಗಿರಿಯಲ್ಲಿ ಹುಟ್ಟಿದ ಪುಟ್ಟಯ್ಯ ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡರು, ಬಾಲ್ಯದಲ್ಲಿಯೇ ದೃಷ್ಟಿಯನ್ನೂ ಕಳೆದುಕೊಂಡರು. ಸೋದರಮಾವನ ಮನೆಯಲ್ಲಿ ಹಾರ್ಮೋನಿಯಂ ಮೇಲೆ ತಾನಾಗಿ ಬೆರಳಾಡಿಸುತ್ತಿದ್ದ ಮಗುವಿನಲ್ಲಿ ಮಾವ ಏನನ್ನೋ ಕಂಡು ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆತಂದರು. ಆ ಮಗು ಗಾಯನದ ಜೊತೆಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಮೊದಲಾದ ವಾದ್ಯಗಳನ್ನೆಲ್ಲ ಕಲಿತಿತು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲಿಯೂ ಗ್ರಂಥ ರಚಿಸುವ ಪಾಂಡಿತ್ಯ ಪಡೆಯಿತು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದವರೂ ಪುಟ್ಟರಾಜರೇ. ಪ್ಯಾರಿಸಿನ ಆ ಶಾಲೆಯ ಆರು ಚುಕ್ಕೆಗಳು ಹೀಗೆ ಗದುಗನ್ನು ಮುಟ್ಟಿದವು.

ಆಶ್ರಮ ನಡೆಸಲು ಹಣ ಬೇಕಲ್ಲ? ಅದಕ್ಕಾಗಿ ನಾಟಕ ಸಂಘವೇ ಆಶ್ರಮದ ಆಸರೆಯಾಯಿತು. ಪುಟ್ಟರಾಜರು ನಾಟಕ ಬರೆದರು, ಸಂಗೀತ ಕೂಡಿಸಿದರು. ಅಂಧ ಕಲಾವಿದರು ಬಣ್ಣ ಹಚ್ಚಿ ರಂಗವನ್ನೇರಿದರು. ಭಕ್ತರು ಊರೂರುಗಳಲ್ಲಿ ಪುಟ್ಟರಾಜರಿಗೆ ನಾಣ್ಯಗಳಿಂದ ತುಲಾಭಾರ ಮಾಡಿದರು. ಆ ತಕ್ಕಡಿಯ ನಾಣ್ಯಗಳು ಆಶ್ರಮದ ಮಕ್ಕಳ ಅನ್ನವಾದವು. ಜಾತಿ ಮತಗಳ ಲೆಕ್ಕವಿಲ್ಲದೆ ಬಡಮಕ್ಕಳು, ಅಂಧಮಕ್ಕಳು ಅಲ್ಲಿಗೆ ಬಂದರು. ಅಂದಿನ ನಿಜಾಮ ಸೀಮೆಯ ನಮ್ಮ ಭಾಗದಲ್ಲಿಯೂ ಗದುಗಿನಲ್ಲಿ ಕಲಿತವನು ಎಂಬ ಮಾತು ಹಾಡುಗಾರನಿಗೆ ಒಂದು ಪ್ರಮಾಣಪತ್ರವೇ ಆಯಿತು.

1968ರಲ್ಲಿ ಬಳ್ಳಾರಿ ಸೀಮೆಯ ಬಡ ಕಲಾವಿದರ ಮನೆಯ ಹುಡುಗನೊಬ್ಬನನ್ನು ಅವನ ಸೋದರಮಾವ, ತೊಗಲುಗೊಂಬೆಯಾಟದ ಹೆಸರಾಂತ ಕಲಾವಿದ ಬೆಳಗಲ್ಲು ವೀರಣ್ಣನವರು, ಈ ಆಶ್ರಮಕ್ಕೆ ತಂದು ಬಿಟ್ಟರು. ಹನ್ನೆರಡು ವರ್ಷ ಆ ಹುಡುಗ ಅಲ್ಲಿದ್ದು ಪುಟ್ಟರಾಜರಿಂದ ಕಲಿತ. ಅವರೇ ಪಂಡಿತ ವೆಂಕಟೇಶ ಕುಮಾರ, 2016ರಲ್ಲಿ ಪದ್ಮಶ್ರೀ ಪಡೆದವರು. ಆದರೆ ಆಶ್ರಮದ ನಿಜವಾದ ಫಲವನ್ನು ಪ್ರಶಸ್ತಿಗಳ ಪಟ್ಟಿಯಲ್ಲಿ ಅಳೆಯಬಾರದು. ಉತ್ತರ ಕರ್ನಾಟಕದ ಪ್ರೌಢಶಾಲೆಗಳ ಸಂಗೀತ ಶಿಕ್ಷಕರು, ಪುರಾಣ ಪ್ರವಚನಗಳ ಗವಾಯಿಗಳು, ತಬಲಾ ವಾದಕರು, ಕೀರ್ತನಕಾರರು ಎಷ್ಟೋ ಮಂದಿ ಇಲ್ಲಿಂದ ಬಂದವರು. ಪುರಾಣ ಹಚ್ಚಿದ ಊರಿನಲ್ಲಿ ಒಂದು ತಿಂಗಳ ಕಾಲ ಹಾರ್ಮೋನಿಯಂ ಹಿಡಿದು ಕುಳಿತು, ಗೌರವದಿಂದ ಸಂಭಾವನೆ ಪಡೆದು ಮನೆಗೆ ಹೋಗುವ ಅಂಧ ಗಾಯಕನನ್ನು ನಮ್ಮ ಹಳ್ಳಿಗಳ ಹಿರಿಯರು ಕಂಡಿದ್ದಾರೆ. ಅವನು ಭಿಕ್ಷೆ ಬೇಡಲಿಲ್ಲ, ದುಡಿದ. ಇದೇ ಆ ಶಾಲೆಯ ಗೆಲವು.

2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಸಂದಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡರು. ಗುರುವಿನ ಬಾಳನ್ನು ಕುರಿತು 1995ರಲ್ಲಿ ಬಂದ ಚಲನಚಿತ್ರಕ್ಕೆ ಸಂಗೀತ ನೀಡಿದ ಹಂಸಲೇಖ ಅವರಿಗೂ ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂದುದನ್ನು ಅನೇಕರು ಬಲ್ಲರು. ಪಂಚಾಕ್ಷರಿ ಗವಾಯಿಗಳ ಹೆಸರನ್ನು ನಾಡಿನ ಮನೆಮನೆಗೆ ಮುಟ್ಟಿಸಿದ್ದು ಆ ಚಿತ್ರ.

ನಮ್ಮ ವೇದಿಕೆಯ ಮುಂದೆ

ಇಷ್ಟು ದೂರ ಸುತ್ತಿ ಮತ್ತೆ ನಮ್ಮ ಹಲಗೆಯ ವೇದಿಕೆಗೆ ಬಂದಿದ್ದೇವೆ. ಇಂದು ನಮ್ಮ ಮಕ್ಕಳು ಅನ್ನಕ್ಕಾಗಿ ಹಾಡಬೇಕಾಗಿಲ್ಲ, ಅದು ದೇವರ ದಯೆ. ಆದರೆ ಹಳೆಯ ಅಪಾಯ ಹೊಸ ಉಡುಪು ತೊಟ್ಟು ಬಂದಿದೆ. ಮುದ್ರಿತ ಹಾಡನ್ನು ಜೋರಾಗಿ ಹಾಕಿ ಮಗು ಬರಿದೆ ತುಟಿಯಾಡಿಸುವ ಕಾರ್ಯಕ್ರಮಗಳು ಹೆಚ್ಚಾಗಿವೆ. ಅಲ್ಲಿ ಮಗುವಿನ ಕಂಠವೇ ಬೇಡವಾಗಿದೆ, ಉಡುಪು ಸಾಕಾಗಿದೆ. ಮಗು ಹಾಡುತ್ತಿರುವಾಗ ತಂದೆತಾಯಿಗಳ ಕಣ್ಣು ಮೊಬೈಲಿನ ಪರದೆಯ ಮೇಲಿರುತ್ತದೆ. ಚಿತ್ರ ಉಳಿಯುತ್ತದೆ, ಹಾಡು ಕಿವಿಗೆ ಬಿದ್ದಿರುವುದಿಲ್ಲ. ಚೆನ್ನಾಗಿ ಹಾಡುವ ಇಬ್ಬರು ಮುಂದಿನ ಸಾಲಿನಲ್ಲಿ, ಶ್ರುತಿ ಸೇರದವರು ಹಿಂದ, ಕುಂಟುವ ಮಗುವೋ ತೊದಲುವ ಮಗುವೋ ಕೆಳಗೆ ಪ್ರೇಕ್ಷಕರ ನಡುವೆ. ವೆನಿಸಿನ ಜಾಲರಿ ಕಣ್ಣಿಗೆ ಕಾಣುತ್ತಿತ್ತು. ನಮ್ಮದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಯೆರಿಕೋ ಊರಿನ ದಾರಿಯಲ್ಲಿ ಕುಳಿತಿದ್ದ ಅಂಧ ಬಾರ್ತಿಮಾಯನ ಕಥೆ ನಮಗೆಲ್ಲ ಗೊತ್ತು. ಅವನು ಕೂಗಿದಾಗ ಜನ ಅವನನ್ನು ಗದರಿಸಿ ಸುಮ್ಮನಿರಿಸಲು ನೋಡಿದರು. ಯೇಸುವಾದರೋ ನಡೆಯುತ್ತಿದ್ದವರು ನಿಂತರು, ಅವನನ್ನು ಕರೆಸಿದರು, ನಿನಗೇನು ಬೇಕೆಂದು ಅವನ ಬಾಯಿಂದಲೇ ಕೇಳಿದರು. ಗುಣಪಡಿಸುವ ಮೊದಲು ಆಲಿಸಿದರು. ಕುಮಾರ ಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಮಕ್ಕಳ ಮುಂದೆ ನಿಂತದ್ದೂ, ಹಾಯಿ ಭಿಕ್ಷುಕ ಹುಡುಗನ ಮುಂದೆ ನಿಂತದ್ದೂ ಹೀಗೆಯೇ. ಎಲ್ಲರೂ ದಾಟಿ ಹೋಗುವಾಗ ಒಬ್ಬರು ನಿಂತು ಕೇಳಿದ್ದರಿಂದ ಆ ಚರಿತ್ರೆ ಆರಂಭವಾಯಿತು.

ನಮ್ಮ ಧರ್ಮಕೇಂದ್ರದ ಕುಟುಂಬಗಳು ಇದಕ್ಕಾಗಿ ದೊಡ್ಡ ಶಾಲೆ ಕಟ್ಟಬೇಕಾಗಿಲ್ಲ. ಮುಂದಿನ ಕ್ರಿಸ್ಮಸ್ ಸಂಜೆಯಲ್ಲಿ ಕೆಲವು ಸಣ್ಣ ಕೆಲಸ ಮಾಡಿದರೆ ಸಾಕು. ಮುದ್ರಿತ ಹಾಡನ್ನು ನಿಲ್ಲಿಸಿ ಮಗುವಿನ ಸ್ವಂತ ಕಂಠಕ್ಕೆ ಜಾಗ ಕೊಡೋಣ. ಹಾಡಲು ಬಾರದೆಂದು ಕೆಳಗೆ ಕೂರಿಸಿದ ಮಗುವಿಗೆ ತಾಳ ಹಿಡಿಯಲು ಕಲಿಸಿ ವೇದಿಕೆಗೆ ಕರೆತರೋಣ. ಊರಿನಲ್ಲಿ ಕಣ್ಣಿಲ್ಲದ, ನಡೆಯಲಾಗದ ಮಗುವಿದ್ದರೆ ಅದರ ಮನೆಗೆ ಮೊದಲು ಹೋಗಿ ತಾಲೀಮಿಗೆ ಬರಲು ಹೇಳೋಣ. ಪರದೆಯನ್ನು ಜೇಬಿಗಿಟ್ಟು ಮೂರು ನಿಮಿಷ ಕಿವಿಗೊಡೋಣ.

ಹಂಪಿಯಲ್ಲಿ ಆ ದಿನ ಗುರು ಶಿಷ್ಯನ ಪಕ್ಕದಲ್ಲಿ ಕುಳಿತಿದ್ದರು. ನಮ್ಮ ಮಗು ಪದ ಮರೆತಾಗ ಚಾಪೆಯ ಮೇಲಿನ ತಾಯಿಯ ತುಟಿಗಳು ತಾವಾಗಿಯೇ ಅಲುಗುತ್ತವಲ್ಲ, ಅದೂ ಅದೇ ಪರಂಪರೆಗೆ ಸೇರಿದ್ದು. ಆ ತಾಯಿ ತನ್ನ ಮಗುವಿಗೆ ಮಾಡುವುದನ್ನು ಊರಿನ ಪ್ರತಿ ಮಗುವಿಗೂ ಮಾಡುವಷ್ಟು ಮನಸ್ಸು ನಮಗೆ ಬರಲಿ.